ಸಭೆಯ ಹಿರಿಯರಾಗಿ ಆಯ್ಕೆಯಾದ ಮೇಲೆ: ಅಧಿಕಾರವನ್ನು ವಹಿಸಿಕೊಂಡು ನಡೆಸುವ ಬಗೆ

ಕ್ರೈಸ್ತ ಸಭೆಯ, ಅಂದರೆ ಚರ್ಚಿನ, ವಾರ್ಷಿಕ ಮಹಾಸಭೆಯಲ್ಲಿ ಹೆಸರು ಸೂಚಿತವಾಗಿ ಅನುಮೋದನೆಗೊಂಡು, ಅಥವಾ ಚೀಟಿಯ ಮತದಿಂದ ಗೆದ್ದು, ಮುಂದಿನ ಭಾನುವಾರದ ಆರಾಧನೆಯಲ್ಲಿ ಪ್ರಾರ್ಥನೆಯೊಂದಿಗೆ ಸೇವೆಗೆ ನೇಮಕವಾದ ಹೊಸ ಹಿರಿಯರಿಗೆ, ಆಮೇಲೆ ಏನು ಮಾಡಬೇಕೆಂದು ಸಾಮಾನ್ಯವಾಗಿ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ಹಳಬರು ಮಾಡುತ್ತಿದ್ದುದನ್ನು ನೋಡಿ ಕಲಿಯಬೇಕು. ಅವರು ಮಾಡುತ್ತಿದ್ದುದು ಸರಿಯಿದ್ದರೆ ಸರಿ, ಇಲ್ಲವಾದರೆ ಅದೇ ತಪ್ಪು ಇನ್ನೊಂದು ಅವಧಿಗೆ ಮುಂದುವರಿಯುತ್ತದೆ. ಈ ಲೇಖನವು ಅಂತಹ ಹೊಸ ಹಿರಿಯರಿಗಾಗಿ, ಕಾರ್ಯದರ್ಶಿ ಮತ್ತು ಖಜಾಂಚಿಗಳಿಗಾಗಿ, ಹೊಸದಾಗಿ ಒಂದು ಸಭೆಯ ಹೊಣೆ ಹೊತ್ತ ಸಭಾಪಾಲಕರಿಗಾಗಿ ಬರೆದದ್ದು.

ಕ್ರೈಸ್ತ ಸಭೆಯಲ್ಲಿ ಅಧಿಕಾರವೇ ಇರಬಾರದೆಂದು ಹೊಸ ಒಡಂಬಡಿಕೆ ಎಲ್ಲಿಯೂ ಹೇಳುವುದಿಲ್ಲ. ಶಿಷ್ಯರಾದ ಯಾಕೋಬ ಮತ್ತು ಯೋಹಾನರು ಬಲಗಡೆ, ಎಡಗಡೆಯ ಆಸನಗಳನ್ನು ಕೇಳಿದಾಗ ಯೇಸು ಕೊಟ್ಟ ಉತ್ತರ (ಮಾರ್ಕ 10:42–45) ಜನಾಂಗಗಳ ಒಡೆಯರು ದೊರೆತನ ಮಾಡುವ ರೀತಿ ನಿಮ್ಮಲ್ಲಿ ಇರಬಾರದು ಎಂಬುದಾಗಿತ್ತೇ ಹೊರತು, ಮುಂದಾಳುಗಳೇ ಬೇಡವೆಂಬುದಾಗಿರಲಿಲ್ಲ. ಆದರೆ ತಾನು ಸೇವಕನೆಂದು ಹೇಳಿಕೊಳ್ಳದ ಮುಂದಾಳು ನಮ್ಮ ಸಭೆಗಳಲ್ಲಿ ಒಬ್ಬರೂ ಇಲ್ಲವಾದ್ದರಿಂದ, ಆ ಮಾತು ಎಷ್ಟು ನಿಜವೆಂದು ತಿಳಿಯಲು ಪ್ರಸಂಗಪೀಠದ ಕಡೆಗೆ ನೋಡಿ ಪ್ರಯೋಜನವಿಲ್ಲ. ಕಾಣಿಕೆ ಎಣಿಸುವ ಮೇಜಿನ ಕಡೆಗೆ, ನಡಾವಳಿ ಪುಸ್ತಕದ ಕಡೆಗೆ, ದೂರು ಬಂದಾಗ ನಡೆದುಕೊಳ್ಳುವ ರೀತಿಯ ಕಡೆಗೆ ನೋಡಬೇಕು. ಸೇವಕತನವು ಒಂದು ಮನೋಭಾವ ಎನ್ನುವುದಕ್ಕಿಂತ ಮೊದಲು ಒಂದು ಕಾರ್ಯವಿಧಾನ ಎಂಬುದು ನನ್ನ ಅಭಿಪ್ರಾಯ. ಕೆಳಗಿನ ಹಂತಗಳೆಲ್ಲವೂ ಆ ಅಭಿಪ್ರಾಯದಿಂದಲೇ ಹೊರಟಿವೆ.

ಮೊದಲ ಹಂತ: ಅಧಿಕಾರ ಎಲ್ಲಿದೆಯೆಂದು ಓದಿ ತಿಳಿದುಕೊಳ್ಳಿ

ಆಯ್ಕೆಯಾದ ವಾರದಲ್ಲೇ ನಿಮ್ಮ ಸಭೆಯ ಸಂವಿಧಾನವನ್ನೋ ಬೈಲಾವನ್ನೋ ಟ್ರಸ್ಟ್ ಡೀಡನ್ನೋ ಕೇಳಿ ಪಡೆದು, ಮೊದಲ ಪುಟದಿಂದ ಕೊನೆಯವರೆಗೆ ಓದಿ. ಅದು ಕಾರ್ಯದರ್ಶಿಯ ಮನೆಯ ಕಪಾಟಿನಲ್ಲಿದೆ, ಸಿಕ್ಕಾಗ ಕೊಡುತ್ತೇವೆ ಎಂಬ ಉತ್ತರ ಬಂದರೆ, ನಿಮ್ಮ ಮೊದಲ ಕೆಲಸ ಅದರ ಪ್ರತಿ ಮಾಡಿಸಿ ಸಮಿತಿಯ ಎಲ್ಲರಿಗೂ ಹಂಚುವುದೇ ಆಗಿರುತ್ತದೆ.

ಸಭೆಯಿಂದ ಸಭೆಗೆ ಈ ವ್ಯವಸ್ಥೆ ಬೇರೆಬೇರೆ. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ರೂಪುಗೊಂಡಾಗ ಆಂಗ್ಲಿಕನ್ನರು, ಮೆಥಡಿಸ್ಟರು, ಹಾಗೂ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರೆಗೇಷನಲ್ ಸಭೆಗಳು ಮೊದಲೇ ಕೂಡಿ ಆಗಿದ್ದ ಐಕ್ಯ ಸಭೆಯವರು ಒಂದಾದರು. ಬಿಷಪ್ಪರ ಆಡಳಿತ, ಹಿರಿಯರ ಮಂಡಳಿ, ಸ್ಥಳೀಯ ಸಭಿಕರ ಮತ ಈ ಮೂರೂ ಬಗೆಯ ಪದ್ಧತಿಗಳ ಗುರುತು ಅದರ ಸಂವಿಧಾನದಲ್ಲಿ ಇಂದಿಗೂ ಇದೆ. ಧಾರವಾಡ, ಬೆಂಗಳೂರು, ಮಂಗಳೂರುಗಳನ್ನು ಕೇಂದ್ರವಾಗಿಸಿಕೊಂಡ ಕರ್ನಾಟಕದ ಮೂರು ಡಯಾಸಿಸ್‌ಗಳಲ್ಲಿ (ಒಬ್ಬ ಬಿಷಪ್ಪರ ಆಡಳಿತದ ಪ್ರಾಂತಗಳಲ್ಲಿ) ಸಭಾಪಾಲಕರನ್ನು ನೇಮಿಸುವುದು, ವರ್ಗಾಯಿಸುವುದು ಡಯಾಸಿಸ್‌ನ ಕೆಲಸ; ಸ್ಥಳೀಯ ಸಮಿತಿಯನ್ನು ಆರಿಸುವುದು ಸಭಿಕರ ಹಕ್ಕು. ಆಸ್ತಿಯ ವಿಷಯದಲ್ಲಿ ಹೊಸಬರು ಹೆಚ್ಚಾಗಿ ಎಡವುತ್ತಾರೆ. ದೇವಾಲಯದ ಜಾಗ ನಮ್ಮ ಅಜ್ಜಂದಿರು ಕೊಟ್ಟದ್ದು, ಆದ್ದರಿಂದ ನಮ್ಮದು ಎಂದು ಹೇಳುವವರು ಪ್ರತಿ ಊರಲ್ಲೂ ಇದ್ದಾರೆ; ಆದರೆ ಹಕ್ಕುಪತ್ರವು ಬಹುಪಾಲು 1947ರಲ್ಲೇ ನೋಂದಣಿಯಾದ ಸಿಎಸ್‌ಐ ಟ್ರಸ್ಟ್ ಅಸೋಸಿಯೇಷನ್ನಿನ ಹೆಸರಿನಲ್ಲಿರುತ್ತದೆ. ಕಾಂಪೌಂಡ್ ಕಟ್ಟಿಸುವ, ಅಂಗಡಿ ಬಾಡಿಗೆಗೆ ಕೊಡುವ ಮಾತು ಎತ್ತುವ ಮುನ್ನ ಪತ್ರ ಯಾರ ಹೆಸರಿನಲ್ಲಿದೆಯೆಂದು ನೋಡಿಕೊಂಡರೆ ಅರ್ಧ ಜಗಳ ತಪ್ಪುತ್ತದೆ.

ಕಥೋಲಿಕ ಧರ್ಮಸಭೆಯಲ್ಲಿ ಕ್ರಮ ಬೇರೆ. 1983ರ ಧರ್ಮಸಭೆಯ ಕಾನೂನಿನಂತೆ ಧರ್ಮಕೇಂದ್ರದ (ಪ್ಯಾರಿಷ್‌ನ) ಪಾಲನಾ ಮಂಡಳಿಗೆ ಇರುವುದು ಸಲಹೆಯ ಮತ ಮಾತ್ರ (ಕಾನೂನು 536). ಆದರೆ ಹಣಕಾಸು ಸಮಿತಿ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು (537), ಮತ್ತು ಭಕ್ತರು ಕೊಟ್ಟ ಕಾಣಿಕೆಯ ಲೆಕ್ಕವನ್ನು ಭಕ್ತರಿಗೇ ಒಪ್ಪಿಸಬೇಕು (1287). ಮಂಗಳೂರು, ಉಡುಪಿ ಭಾಗದ ವಾಳೆಗಳಲ್ಲಿ (ಧರ್ಮಕೇಂದ್ರದ ವಾರ್ಡುಗಳಲ್ಲಿ) ಗುರಿಕಾರರಾಗಿ, ಅಂದರೆ ಮುಖಂಡರಾಗಿ, ಆಯ್ಕೆಯಾದ ಎಷ್ಟೋ ಜನರು, ನಮ್ಮದು ಬರೀ ಸಲಹೆ, ಫಾದರ್ ಹೇಳಿದ್ದೇ ಕೊನೆ ಎಂದು ಸುಮ್ಮನಾಗುತ್ತಾರೆ. ಸಲಹೆ ಕೊಡುವವರಿಗೆ ಹೊಣೆಯಿಲ್ಲ ಎಂದು ಆ ಕಾನೂನು ಹೇಳಿಲ್ಲ. ಸಭೆಯ ಒಳಿತಿಗೆ ಸಂಬಂಧಿಸಿದ ಅಭಿಪ್ರಾಯವನ್ನು ತಮ್ಮ ಪಾಲಕರಿಗೆ ತಿಳಿಸುವುದು ಭಕ್ತರ ಹಕ್ಕು, ಕೆಲವೊಮ್ಮೆ ಕರ್ತವ್ಯ ಕೂಡ ಎಂದು ಅದರ 212ನೆಯ ನಿಯಮವೇ ಹೇಳುತ್ತದೆ.

ಸ್ವತಂತ್ರ ಸಭೆಗಳಲ್ಲಿ, ಅಂದರೆ ಒಬ್ಬ ಪಾಸ್ಟರರ ಮನೆಯ ಹಜಾರದಲ್ಲಿ ಆರಂಭವಾಗಿ ಬೆಳೆದ ಸಭೆಗಳಲ್ಲಿ, ಟ್ರಸ್ಟ್ ಡೀಡನ್ನು ಇನ್ನೂ ಎಚ್ಚರದಿಂದ ಓದಬೇಕು. ಗಂಡ ಅಧ್ಯಕ್ಷ, ಹೆಂಡತಿ ಕಾರ್ಯದರ್ಶಿ, ಮಗ ಖಜಾಂಚಿ ಎಂದಿದ್ದರೆ, ನಿಮ್ಮನ್ನು ಹಿರಿಯರೆಂದು ಕರೆದರೂ ಕಾನೂನಿನ ಮುಂದೆ ನೀವು ಏನೂ ಅಲ್ಲ. ಇದನ್ನು ಅಪನಂಬಿಕೆಯಿಂದ ಹೇಳುತ್ತಿಲ್ಲ. ಕಷ್ಟಪಟ್ಟು ಸಭೆ ಕಟ್ಟಿದವರು ಆರಂಭದಲ್ಲಿ ನಂಬಿಗಸ್ತರು ಸಿಗದೆ ಮನೆಯವರನ್ನೇ ಸೇರಿಸಿಕೊಂಡಿರಬಹುದು. ಆದರೆ ಸಭಿಕರು ನೂರಾದ ಮೇಲೂ ಟ್ರಸ್ಟ್ ಮೂರೇ ಜನರದ್ದಾಗಿದ್ದರೆ, ಹೊರಗಿನ ಇಬ್ಬರನ್ನಾದರೂ ಸೇರಿಸಿಕೊಳ್ಳಿ ಎಂದು ಪ್ರೀತಿಯಿಂದ, ಬರಹದಲ್ಲಿ, ಕೇಳುವ ಸಮಯ ಬಂದಿದೆ.

ಎರಡನೆಯ ಹಂತ: ಜನರನ್ನು ಆರಿಸುವಾಗ ಅವಸರ ಬೇಡ

ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ 3ನೆಯ ಅಧ್ಯಾಯದಲ್ಲಿ ಸಭಾಧ್ಯಕ್ಷರ ಮತ್ತು ಸಭಾಸೇವಕರ ಲಕ್ಷಣಗಳ ಪಟ್ಟಿಯಿದೆ. ಆ ಪಟ್ಟಿಯನ್ನು ಗಮನವಿಟ್ಟು ಓದಿದರೆ ಅಲ್ಲಿ ಸಾಮರ್ಥ್ಯಕ್ಕಿಂತ ನಡತೆಯ ಮಾತೇ ಹೆಚ್ಚು: ಹಣದಾಸೆ ಇರಬಾರದು, ಜಗಳಗಂಟನಾಗಿರಬಾರದು, ಕುಡುಕನಾಗಿರಬಾರದು, ಅತಿಥಿಗಳನ್ನು ಸತ್ಕರಿಸುವವನಾಗಿರಬೇಕು. ಹೊಸದಾಗಿ ನಂಬಿಕೆಗೆ ಬಂದವನಿಗೆ ಪಟ್ಟ ಕಟ್ಟಬಾರದು, ಸಭೆಯ ಹೊರಗಿನವರಿಂದಲೂ ಒಳ್ಳೆಯ ಸಾಕ್ಷಿ ಬೇಕು, ಸೇವಕರನ್ನು ಮೊದಲು ಪರೀಕ್ಷಿಸಿ ಆಮೇಲೆ ನೇಮಿಸಬೇಕು ಎಂಬ ಮೂರು ಷರತ್ತುಗಳನ್ನು ನಾವು ಸುಲಭವಾಗಿ ಮರೆಯುತ್ತೇವೆ. ಹೊರಗಿನವರ ಸಾಕ್ಷಿಯೆಂದರೆ ಬೀದಿಯ ಕಿರಾಣಿ ಅಂಗಡಿಯವನು, ಕಚೇರಿಯ ಸಹೋದ್ಯೋಗಿ, ಮನೆಯ ಬಾಡಿಗೆದಾರ ಆ ವ್ಯಕ್ತಿಯ ಬಗ್ಗೆ ಏನು ಹೇಳುತ್ತಾರೆ ಎಂಬುದು. ಭಾನುವಾರ ಬೆಳಗ್ಗೆ ಎರಡು ಗಂಟೆ ಕಾಣುವ ಮನುಷ್ಯನಿಗಿಂತ ಉಳಿದ ದಿನಗಳ ಮನುಷ್ಯನನ್ನು ಅವರು ಚೆನ್ನಾಗಿ ಬಲ್ಲರು.

ನಮ್ಮ ಸಭೆಗಳ ಚುನಾವಣೆಗಳಲ್ಲಿ ಜಾತಿ, ಬಳಗ, ಮೂಲ ಊರು ಕೆಲಸ ಮಾಡುವುದಿಲ್ಲವೆಂದು ಹೇಳುವವರು ಚುನಾವಣೆಯ ಹಿಂದಿನ ದಿನ ಸಂಜೆ ಯಾರ ಮನೆಗೆ ಯಾರು ಹೋದರೆಂದು ವಿಚಾರಿಸಿದರೆ ಸಾಕು. ಇದಕ್ಕೆ ಪೂರ್ಣ ಮದ್ದು ನನಗೆ ಗೊತ್ತಿಲ್ಲ. ಆದರೂ ಕೆಲವು ಕ್ರಮಗಳು ಬಿಸಿಯನ್ನು ಇಳಿಸುತ್ತವೆ. ಮತದಾರರ ಪಟ್ಟಿಯನ್ನು ಚುನಾವಣೆಗೆ ಕನಿಷ್ಠ ಒಂದು ತಿಂಗಳ ಮೊದಲು ದೇವಾಲಯದ ಫಲಕದಲ್ಲಿ ಅಂಟಿಸಿ, ಆಕ್ಷೇಪಣೆಗೆ ಸಮಯ ಕೊಡಿ. ನಾಮಪತ್ರಗಳನ್ನು ಪರಿಶೀಲಿಸುವವರು ತಾವೇ ಅಭ್ಯರ್ಥಿಗಳಾಗಿರಬಾರದು. ಒಂದೇ ಮನೆಯ ಇಬ್ಬರು ಒಂದೇ ಸಮಿತಿಯಲ್ಲಿ ಇರದಂತೆ ನಿಯಮವಿಲ್ಲದಿದ್ದರೆ ನಿಯಮ ತನ್ನಿ. ಸತತವಾಗಿ ಎರಡು ಅವಧಿ ಇದ್ದವರು ಒಂದು ಅವಧಿ ಹೊರಗಿರಲಿ.

ಹೆಂಗಸರ ವಿಷಯದಲ್ಲಿ ಒಂದು ಮಾತು. ಸಭೆಯ ಕೆಲಸದ ಹೆಚ್ಚಿನ ಭಾರ ಹೊರುವವರು ಅವರೇ. ನಿರ್ಣಯದ ಮೇಜಿನಲ್ಲಿ ಮಾತ್ರ ಒಬ್ಬರೋ ಇಬ್ಬರೋ. ಕೆಂಕ್ರೆಯ ಸಭೆಯ ಸೇವಕಿಯಾಗಿದ್ದ ಫೊಯಿಬೆಯನ್ನು ಪೌಲನು ರೋಮಾಪುರದವರಿಗೆ ಪರಿಚಯಿಸಿದ ರೀತಿಯನ್ನೂ (ರೋಮಾ. 16:1–2), ವಾಗ್ಮಿಯಾದ ಅಪೊಲ್ಲೋಸನಿಗೆ ದಾರಿಯನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದವರಲ್ಲಿ ಪ್ರಿಸ್ಕಿಲ್ಲಳೂ ಇದ್ದಳೆಂಬುದನ್ನೂ (ಅ. ಕೃ. 18:26) ಓದಿದವರಿಗೆ ಇದು ಹೊಸ ವಿಚಾರವಲ್ಲ. ಸಿಎಸ್‌ಐಯಲ್ಲಿ 2013ರಲ್ಲಿ ನಂದ್ಯಾಲದ ಡಯಾಸಿಸ್‌ಗೆ ಮಹಿಳೆಯೊಬ್ಬರು ಬಿಷಪ್ ಆದರು. ಸಮಿತಿ ಕೂಟವನ್ನು ರಾತ್ರಿ ಎಂಟೂವರೆಗೆ ಇಟ್ಟು, ಹೆಂಗಸರು ಬರುವುದೇ ಇಲ್ಲ ಎಂದು ದೂರುವ ಅಭ್ಯಾಸವನ್ನು ಮೊದಲು ಬಿಡಬೇಕು.

ಮೂರನೆಯ ಹಂತ: ದೂರಿದವರ ಕೈಗೇ ಕೆಲಸ ಕೊಡಿ

ಕೆಲಸ ಹಂಚುವ ಬಗ್ಗೆ ಅಪೊಸ್ತಲರ ಕೃತ್ಯಗಳ 6ನೆಯ ಅಧ್ಯಾಯದ ಮೊದಲ ಏಳು ವಚನಗಳಿಗಿಂತ ಒಳ್ಳೆಯ ಪಾಠ ನನಗೆ ಕಂಡಿಲ್ಲ. ಯೆರೂಸಲೇಮಿನಲ್ಲಿ ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದಿನದ ಆಹಾರ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆ ಎಂಬ ಗುಣುಗುಟ್ಟುವಿಕೆ ಹುಟ್ಟಿತು. ಹನ್ನೆರಡು ಮಂದಿ ಅಪೊಸ್ತಲರು ಅದನ್ನು ಅವಿಧೇಯತೆಯೆಂದು ಗದರಿಸಲಿಲ್ಲ, ತಾವೇ ಬಡಿಸಲೂ ಹೋಗಲಿಲ್ಲ. ಶಿಷ್ಯರ ಸಮೂಹವನ್ನು ಕರೆದು, ಆರಿಸುವ ಹಕ್ಕನ್ನು ಅವರಿಗೇ ಬಿಟ್ಟು, ಲಕ್ಷಣಗಳನ್ನು ಮಾತ್ರ ತಾವು ಹೇಳಿ, ಆರಿಸಿ ತಂದವರ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೊರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ ಎಂಬ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ. ನೊಂದ ಗುಂಪಿನ ಕಡೆಯವರ ಕೈಗೆ ಇಡೀ ಸಭೆಯ ಉಗ್ರಾಣದ ಕೀಲಿಕೈ ಹೋಯಿತೆಂದು ಇದರಿಂದ ಊಹಿಸಬಹುದು.

ನಿಮ್ಮ ಸಭೆಗೆ ಇದನ್ನು ಹೀಗೆ ಅನ್ವಯಿಸಿ. ಯುವಜನರು ಹಾಡಿನ ಬಗ್ಗೆ ದೂರುತ್ತಿದ್ದರೆ ತಿಂಗಳಿಗೆ ಒಂದು ಆರಾಧನೆಯ ಹಾಡುಗಳ ಹೊಣೆಯನ್ನು ಅವರಿಗೆ ಬರಹದಲ್ಲಿ ಒಪ್ಪಿಸಿ. ಸಮಾಧಿ ಸ್ಥಳದಲ್ಲಿ ಹುಲ್ಲು ಬೆಳೆದಿದೆ ಎಂದು ಕೂಗಾಡುವ ಕುಟುಂಬದವರನ್ನೇ ಅದರ ಉಪಸಮಿತಿಗೆ ಹಾಕಿ. ಹೊಣೆಯ ಜೊತೆಗೆ ಹಣದ ಮಿತಿಯನ್ನೂ ಹೇಳಿ: ಇಷ್ಟು ರೂಪಾಯಿಯವರೆಗೆ ನೀವೇ ನಿರ್ಧರಿಸಿ, ಅದಕ್ಕೆ ಮೀರಿದರೆ ಸಮಿತಿಗೆ ತನ್ನಿ. ಕೆಲಸ ಕೊಟ್ಟು ಪ್ರತಿ ಬಲ್ಬಿಗೂ ಸಹಿ ಕೇಳುವುದು ಹಂಚಿಕೆಯಲ್ಲ, ಹೊರೆ ವರ್ಗಾವಣೆ.

ನಾಲ್ಕನೆಯ ಹಂತ: ಸಮಿತಿ ಕೂಟ ಮತ್ತು ನಡಾವಳಿ

ಕೂಟದ ವಿಷಯಪಟ್ಟಿಯನ್ನು ಐದು ದಿನ ಮೊದಲೇ ಎಲ್ಲರಿಗೂ ಕಳಿಸಿ. ವಾಟ್ಸಾಪ್ ಸಾಕು, ಆದರೆ ಮೊಬೈಲ್ ಬಳಸದ ಹಿರಿಯರಿಗೆ ಕಾಗದದಲ್ಲಿ ಕೊಡಿ. ಪಟ್ಟಿಯಲ್ಲಿಲ್ಲದ ಹಣದ ವಿಷಯವನ್ನು ‘ಇತರೆ’ ಎಂಬ ತಲೆಬರಹದಡಿ ಮುಗಿಸಬೇಡಿ. ತೀರ್ಮಾನಗಳು ಹೆಚ್ಚಾಗಿ ತಪ್ಪುವುದು ಅಲ್ಲಿಯೇ, ಎಲ್ಲರೂ ಚಪ್ಪಲಿ ಹುಡುಕುತ್ತಿರುವ ಹೊತ್ತಿನಲ್ಲಿ.

ನಡಾವಳಿ ಬರೆಯುವವರು ‘ಚರ್ಚಿಸಲಾಯಿತು, ಮುಂದೆ ನೋಡೋಣ ಎಂದು ತೀರ್ಮಾನಿಸಲಾಯಿತು’ ಎಂದು ಬರೆದರೆ ಅದು ನಡಾವಳಿಯಲ್ಲ. ಹೀಗೆ ಬರೆಯಿರಿ: ‘ದೇವಾಲಯದ ಪೂರ್ವದ ಛಾವಣಿಯ ಹೆಂಚು ಬದಲಾಯಿಸಲು ಮೂರು ದರಪಟ್ಟಿಗಳನ್ನು ಪರಿಶೀಲಿಸಲಾಯಿತು. ಎರಡನೆಯ ದರಪಟ್ಟಿಯನ್ನು ಏಳು ಮಂದಿ ಒಪ್ಪಿದರು, ಇಬ್ಬರು ಒಪ್ಪಲಿಲ್ಲ. ಒಪ್ಪದವರು ಮಳೆಗಾಲದ ನಂತರ ಕೆಲಸ ಆರಂಭಿಸಬೇಕೆಂದರು. ಕೆಲಸದ ಉಸ್ತುವಾರಿ ಖಜಾಂಚಿ ಮತ್ತು ಇನ್ನೊಬ್ಬ ಸದಸ್ಯರದ್ದು. ಮುಂದಿನ ಕೂಟದಲ್ಲಿ ಖರ್ಚಿನ ವಿವರ ಮಂಡಿಸತಕ್ಕದ್ದು.’ ಒಪ್ಪದವರ ಕಾರಣವನ್ನೂ ದಾಖಲಿಸುವುದು ಅವರಿಗೆ ತೋರುವ ಗೌರವ. ಮೂರು ವರ್ಷದ ಮೇಲೆ ಅವರ ಮಾತು ಸರಿಯಾಗಿತ್ತೆಂದು ತಿಳಿಯಲು ಇರುವ ಏಕೈಕ ದಾರಿಯೂ ಅದೇ. ಮುಂದಿನ ಕೂಟದ ಮೊದಲಿಗೆ ನಡಾವಳಿಯನ್ನು ಗಟ್ಟಿಯಾಗಿ ಓದಿ, ತಿದ್ದುಪಡಿ ಇದ್ದರೆ ಮಾಡಿ, ಸಹಿ ಹಾಕಿ.

ದೊಡ್ಡ ಭಿನ್ನಾಭಿಪ್ರಾಯ ಬಂದಾಗ ಅಪೊಸ್ತಲರ ಕೃತ್ಯಗಳ 15ನೆಯ ಅಧ್ಯಾಯದ ಕ್ರಮವನ್ನು ಗಮನಿಸಿ. ಅನ್ಯಜನರಿಂದ ಬಂದ ವಿಶ್ವಾಸಿಗಳಿಗೆ ಸುನ್ನತಿ ಬೇಕೇ ಎಂಬ ಪ್ರಶ್ನೆಯ ಮೇಲೆ ಯೆರೂಸಲೇಮಿನಲ್ಲಿ ಬಹಳ ವಾದ ನಡೆದ ಮೇಲೆ ಪೇತ್ರನು ಎದ್ದುನಿಂತನು. ಆಮೇಲೆ ಬಾರ್ನಬ ಮತ್ತು ಪೌಲರು ತಾವು ಕಂಡದ್ದನ್ನು ಹೇಳಿದರು. ಕೊನೆಯಲ್ಲಿ ಯಾಕೋಬನು ಶಾಸ್ತ್ರವಚನದೊಂದಿಗೆ ತನ್ನ ಅಭಿಪ್ರಾಯ ಕೊಟ್ಟನು. ದೊಡ್ಡವರು ಮೊದಲು ಬಾಯಿ ತೆರೆದರೆ ಚಿಕ್ಕವರು ಬಾಯಿ ತೆರೆಯುವುದಿಲ್ಲ ಎಂಬುದು ಯಾವ ಕೂಟದಲ್ಲಿ ಕುಳಿತವರಿಗೂ ಗೊತ್ತು. ಆದ್ದರಿಂದ ಸಭಾಪಾಲಕರೇ ಅಧ್ಯಕ್ಷರಾಗಿರುವಲ್ಲಿ ಅವರು ತಮ್ಮ ಅಭಿಪ್ರಾಯವನ್ನು ಕೊನೆಗೆ ಇಟ್ಟುಕೊಳ್ಳಲಿ. ಸಾಧ್ಯವಾದರೆ ವಯಸ್ಸಿನಲ್ಲಿ ಕಿರಿಯರಾದವರಿಂದಲೇ ಸುತ್ತು ಆರಂಭವಾಗಲಿ. ಯೆರೂಸಲೇಮಿನವರು ನಿರ್ಣಯವನ್ನು ಬಾಯಿಮಾತಿನಲ್ಲಿ ಬಿಡದೆ ಪತ್ರವಾಗಿ ಬರೆದರು, ತಮ್ಮ ಅಪ್ಪಣೆಯಿಲ್ಲದೆ ಹೋಗಿ ಗೊಂದಲ ಎಬ್ಬಿಸಿದವರು ತಮ್ಮವರಲ್ಲವೆಂದು ಅದರಲ್ಲೇ ಸ್ಪಷ್ಟಪಡಿಸಿದರು, ಮತ್ತು ಪತ್ರವನ್ನು ಬಾಯಿಂದಲೂ ವಿವರಿಸಬಲ್ಲ ಯೂದ ಮತ್ತು ಸೀಲರ ಕೈಯಲ್ಲಿ ಕಳಿಸಿದರು. ಕಹಿಯಾದ ನಿರ್ಣಯವನ್ನು ಗ್ರೂಪಿಗೆ ಹಾಕಿ ಮೊಬೈಲ್ ಮುಚ್ಚಿಡುವ ಸಮಿತಿಗಳು ಇದನ್ನು ಓದಬೇಕು.

ಐದನೆಯ ಹಂತ: ಕಾಣಿಕೆಯ ಮೇಜು

ಈ ಹಂತಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ. ನಾನು ನೋಡಿದ ಒಡಕುಗಳಲ್ಲಿ ಬೋಧನೆಯ ವಿಷಯದಿಂದ ಹುಟ್ಟಿದವು ಕಡಿಮೆ, ಲೆಕ್ಕದ ವಿಷಯದಿಂದ ಹುಟ್ಟಿದವು ಹೆಚ್ಚು.

ಆರಾಧನೆ ಮುಗಿದ ಕೂಡಲೇ ಕಾಣಿಕೆಯ ಚೀಲಗಳು ದೇವಾಲಯದ ಪಕ್ಕದ ಕೋಣೆಗೆ ಬರಲಿ. ಪರಸ್ಪರ ಸಂಬಂಧಿಕರಲ್ಲದ ಇಬ್ಬರು, ಬಾಗಿಲು ತೆರೆದಿಟ್ಟು, ಮೇಜಿನ ಮೇಲೆ ಚೀಲ ಬರಿದು ಮಾಡಲಿ. ಲಕೋಟೆಗಳನ್ನು ಮೊದಲು ಬೇರ್ಪಡಿಸಿ, ಒಂದೊಂದನ್ನೂ ಬಿಚ್ಚಿ, ಮೇಲೆ ಬರೆದ ಹೆಸರು, ಉದ್ದೇಶ, ಮೊತ್ತ ಒಳಗಿನ ಹಣಕ್ಕೆ ಸರಿಹೋಗುತ್ತದೆಯೇ ಎಂದು ನೋಡಬೇಕು. ಕೃತಜ್ಞತಾ ಕಾಣಿಕೆ, ದಶಾಂಶ, ಮಿಷನ್ ನಿಧಿ ಎಂದು ಗುರುತು ಮಾಡಿದ್ದನ್ನು ಬೇರೆ ಬೇರೆ ಇಡಬೇಕು. ಆಮೇಲೆ ನೋಟುಗಳನ್ನು ಬೆಲೆಯಂತೆ ಜೋಡಿಸಿ ಒಬ್ಬರು ಎಣಿಸಿ, ಇನ್ನೊಬ್ಬರು ಮತ್ತೆ ಎಣಿಸಿ, ನಾಣ್ಯಗಳನ್ನು ಕೊನೆಗೆ ಹತ್ತು ಹತ್ತರ ಕಂಬ ಮಾಡಿ ಲೆಕ್ಕ ಹಾಕಿ, ಚೀಟಿಯಲ್ಲಿ ಪೆನ್ನಿನಿಂದ, ಅಂಕಿಯಲ್ಲೂ ಅಕ್ಷರದಲ್ಲೂ, ಬರೆದು ಇಬ್ಬರೂ ಸಹಿ ಹಾಕಬೇಕು. ಒಂದು ಪ್ರತಿ ಖಜಾಂಚಿಗೆ, ಒಂದು ಪ್ರತಿ ಕಡತಕ್ಕೆ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಿ; ಬಿಳಿ ಬಣ್ಣ ಬಳಿಯಬೇಡಿ. ಸೋಮವಾರ ಇಡೀ ಮೊತ್ತ ಬ್ಯಾಂಕಿಗೆ ಹೋಗಲಿ. ಹೂವಿನವನಿಗೆ ಕೊಡಲು, ಡೀಸೆಲ್ ತರಿಸಲು ಅದರಿಂದಲೇ ಸ್ವಲ್ಪ ತೆಗೆಯುವುದು ಎಷ್ಟು ಸಣ್ಣ ಮೊತ್ತವಾದರೂ ಬೇಡ. ಅಂತಹ ಖರ್ಚಿಗೆ ಬೇರೆ ಚಿಲ್ಲರೆ ನಗದು ಇಟ್ಟುಕೊಳ್ಳಿ. ಎಣಿಸುವ ಜೋಡಿಯನ್ನು ಪ್ರತಿ ವಾರ ಬದಲಾಯಿಸಿ, ಮತ್ತು ಸಭಾಪಾಲಕರನ್ನು ಈ ಕೆಲಸದಿಂದ ದೂರವಿಡಿ. ಇದು ಅವರ ಮೇಲಿನ ಸಂಶಯದಿಂದಲ್ಲ, ಅವರ ಹೆಸರಿನ ರಕ್ಷಣೆಗಾಗಿ.

ಸುಗ್ಗಿ ಹಬ್ಬದ ಏಲಂ ಲೆಕ್ಕ ಬೇರೆಯೇ ಒಂದು ಅಧ್ಯಾಯ. ಹಲಸಿನ ಹಣ್ಣಿಗೆ, ಕೇಕಿಗೆ, ಊರಿನ ಕೋಳಿಗೆ ಉತ್ಸಾಹದಲ್ಲಿ ಕೂಗಿದ ಬೆಲೆಯನ್ನು ಅಂದೇ ಕೊಡುವವರು ಅರ್ಧ ಜನ. ಉಳಿದದ್ದು ಬಾಕಿ ಪುಸ್ತಕ ಸೇರುತ್ತದೆ. ಒಟ್ಟು ಕೂಗಿದ ಮೊತ್ತವನ್ನೇ ಆದಾಯವೆಂದು ಮಹಾಸಭೆಯಲ್ಲಿ ಓದಿದರೆ ಮುಂದಿನ ವರ್ಷ ಆ ಸಂಖ್ಯೆಯೇ ಖಜಾಂಚಿಯ ಕುತ್ತಿಗೆಗೆ ಬರುತ್ತದೆ. ಕೂಗಿದ್ದು, ಬಂದದ್ದು, ಬಾಕಿ ಎಂದು ಮೂರು ಕಾಲಮ್ಮುಗಳಲ್ಲಿ ಬರೆಯಿರಿ. ಬಾಕಿದಾರರ ಹೆಸರನ್ನು ಮಾತ್ರ ಆರಾಧನೆಯಲ್ಲಿ ಓದಬೇಡಿ.

ಈಗ ಕಾಣಿಕೆಯ ದೊಡ್ಡ ಭಾಗ ಯುಪಿಐ ಮೂಲಕ ಬರುತ್ತದೆ. ದೇವಾಲಯದ ಬಾಗಿಲಲ್ಲಿ ಅಂಟಿಸಿದ ಕ್ಯೂಆರ್ ಕೋಡನ್ನು ನಿಮ್ಮ ಮೊಬೈಲಿನಿಂದ ಒಮ್ಮೆ ಸ್ಕ್ಯಾನ್ ಮಾಡಿ, ಯಾರ ಹೆಸರು ಬರುತ್ತದೆಂದು ನೋಡಿ. ಸಭೆಯ ಹೆಸರಿನ ಬದಲು ವ್ಯಕ್ತಿಯೊಬ್ಬರ ಹೆಸರು ಬಂದರೆ, ಅವರು ಎಷ್ಟೇ ಪ್ರಾಮಾಣಿಕರಾದರೂ, ಆ ಕೋಡನ್ನು ಅಂದೇ ತೆಗೆಸಿ. ಬ್ಯಾಂಕ್ ಖಾತೆಗೆ ಇಬ್ಬರ ಸಹಿ ಇರಲಿ. ವಿದೇಶದಲ್ಲಿರುವ ಸಭಿಕರ ಮಕ್ಕಳು ದೇವಾಲಯ ದುರಸ್ತಿಗೆ ಹಣ ಕಳಿಸುತ್ತೇವೆ ಎಂದಾಗ ಖುಷಿಯಿಂದ ಖಾತೆ ಸಂಖ್ಯೆ ಕೊಡುವ ಮುನ್ನ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ಬಗ್ಗೆ ಲೆಕ್ಕಪರಿಶೋಧಕರನ್ನು ಕೇಳಿ. ಕಳಿಸುವವರು ಯಾವ ದೇಶದ ಪೌರರು, ಹಣ ಯಾವ ಮೂಲದ್ದು ಎಂಬುದರ ಮೇಲೆ ಉತ್ತರ ನಿಂತಿದೆ.

ಇಷ್ಟೊಂದು ಅಪನಂಬಿಕೆ ವಿಶ್ವಾಸಿಗಳ ನಡುವೆ ಬೇಕೇ ಎಂದು ಕೇಳುವವರಿಗೆ ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆಯ 8ನೆಯ ಅಧ್ಯಾಯವನ್ನು ತೋರಿಸಿ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ಒಯ್ಯುವಾಗ ಪೌಲನು, ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನು ಜೊತೆಗೆ ಕರೆದುಕೊಂಡು, ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲದೆ ಮನುಷ್ಯರ ದೃಷ್ಟಿಯಲ್ಲೂ ಸರಿಯಾದದ್ದನ್ನೇ ಮಾಡಬೇಕೆಂಬ ಯೋಚನೆ ತನ್ನದೆಂದು ಬರೆದನು. ಅಪೊಸ್ತಲನಿಗೆ ಬೇಕಾದ ಸಾಕ್ಷಿ ನಮ್ಮ ಖಜಾಂಚಿಗೆ ಬೇಡವೆನ್ನಲಾಗದು.

ಆರನೆಯ ಹಂತ: ಪತ್ರ ಮತ್ತು ಸಮಾಧಿಯ ಜಾಗ

ಸಾಮಾನ್ಯ ಸಭಿಕನು ಸಭೆಯ ಅಧಿಕಾರವನ್ನು ನೇರವಾಗಿ ಎದುರಿಸುವುದು ಮಗಳ ಮದುವೆಗೆ ಪತ್ರ ಬೇಕಾದಾಗ, ಮಗುವಿನ ದೀಕ್ಷಾಸ್ನಾನದ ದಾಖಲೆ ಶಾಲೆಗೆ ಬೇಕಾದಾಗ, ಮನೆಯಲ್ಲಿ ಸಾವಾದಾಗ. ‘ಅಯ್ಯನವರೇ, ಒಂದು ಪತ್ರ ಬೇಕಿತ್ತು’ ಎಂದು ಬಂದವರಿಗೆ ಎರಡು ವರ್ಷದ ವಂತಿಗೆ ಬಾಕಿಯ ಪಟ್ಟಿ ತೆಗೆದು ತೋರಿಸುವ ಪದ್ಧತಿ ಎಷ್ಟೋ ಕಡೆ ಇದೆ. ವಂತಿಗೆ ಕೇಳುವುದು ತಪ್ಪಲ್ಲ. ಹೆಣ ಮನೆಯ ಮುಂದಿರುವಾಗ ಕೇಳುವುದು ತಪ್ಪು. ಯಾವ ದಾಖಲೆಗೆ ಎಷ್ಟು ಶುಲ್ಕ, ಎಷ್ಟು ದಿನ, ಯಾರ ಸಹಿ ಎಂಬುದನ್ನು ಫಲಕದಲ್ಲಿ ಬರೆದು ಹಾಕಿ. ಶವಸಂಸ್ಕಾರವನ್ನು ಯಾವ ಬಾಕಿಗೂ ತಡೆಯುವುದಿಲ್ಲವೆಂದು ಸಮಿತಿಯಲ್ಲಿ ನಿರ್ಣಯ ಮಾಡಿ ನಡಾವಳಿಗೆ ಸೇರಿಸಿ. ಪತ್ರ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು, ಮತ್ತು ಮೇಲ್ಮನವಿ ಯಾರಿಗೆ ಸಲ್ಲಿಸಬೇಕೆಂದೂ ಅದರಲ್ಲೇ ತಿಳಿಸಬೇಕು.

ಏಳನೆಯ ಹಂತ: ದೂರು ಬಂದಾಗ

ಇಬ್ಬರು ಸಭಿಕರ ನಡುವಿನ ಮನಸ್ತಾಪಕ್ಕೆ ಮತ್ತಾಯ 18:15–17ರ ಕ್ರಮ ಸಾಕು: ಮೊದಲು ಅವರಿಬ್ಬರೇ ಕೂತು ಮಾತಾಡುವುದು, ಆಗದಿದ್ದರೆ ಒಬ್ಬಿಬ್ಬರ ಮುಂದೆ, ಆಮೇಲೆ ಸಭೆಯ ಮುಂದೆ. ಇದನ್ನೇ ಸಭಾಪಾಲಕರ ಅಥವಾ ಹಿರಿಯರ ಮೇಲಿನ ದೂರಿಗೆ ಬಳಸುವಾಗ ಎಚ್ಚರ ಬೇಕು. ಸಂಬಳ, ಪತ್ರ, ಮರ್ಯಾದೆ ಎಲ್ಲವೂ ಒಬ್ಬರ ಕೈಯಲ್ಲಿರುವಾಗ ಇನ್ನೊಬ್ಬರನ್ನು ‘ಹೋಗಿ ಒಂಟಿಯಾಗಿ ಮಾತಾಡು’ ಎಂದು ಕಳಿಸುವುದು ನ್ಯಾಯವಲ್ಲ. ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಅಂಗೀಕರಿಸಬೇಡ ಎಂದು ಹೇಳುವ ತಿಮೊಥೆಯನ ಮೊದಲ ಪತ್ರಿಕೆಯೇ (5:19–20), ಮರುವಚನದಲ್ಲಿ, ಪಾಪದಲ್ಲಿ ಮುಂದುವರಿಯುವ ಹಿರಿಯರನ್ನು ಎಲ್ಲರ ಮುಂದೆ ಗದರಿಸು ಎಂದೂ ಹೇಳುತ್ತದೆ. ಮೊದಲನೆಯ ವಚನ ಸಭಾಪಾಲಕರ ಮನೆಗಳಲ್ಲಿ ಬಾಯಿಪಾಠ. ಎರಡನೆಯದು ಅಷ್ಟಾಗಿ ಕೇಳಿಬರುವುದಿಲ್ಲ.

ದೂರು ಬಂದ ದಿನಾಂಕ ಬರೆದು, ದೂರಿದವರಿಗೆ ಸ್ವೀಕೃತಿ ಕೊಡಿ. ಯಾರ ಮೇಲೆ ದೂರು ಇದೆಯೋ ಅವರಾಗಲಿ, ಅವರ ಬಂಧುಗಳಾಗಲಿ ವಿಚಾರಿಸುವ ಸಮಿತಿಯಲ್ಲಿ ಇರಬಾರದು. ಇಬ್ಬರ ಮಾತನ್ನೂ ಬೇರೆ ಬೇರೆಯಾಗಿ ಕೇಳಿ, ಸುಳ್ಳು ದೂರಿನ ಸಾಧ್ಯತೆಯನ್ನೂ ಮರೆಯದೆ, ಇಂತಿಷ್ಟು ದಿನದೊಳಗೆ ವರದಿಯೆಂದು ಗಡುವು ಹಾಕಿಕೊಳ್ಳಿ. ಬಿಷಪ್ಪರಿಗೋ ಡಯಾಸಿಸ್‌ಗೋ ಕಳಿಸಬೇಕಾದ ವಿಷಯವನ್ನು ಊರಿನಲ್ಲೇ ಮುಗಿಸೋಣವೆಂದು ಇಟ್ಟುಕೊಳ್ಳಬೇಡಿ.

ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಿದರೆ ಮೇಲಿನ ಯಾವ ಕ್ರಮವೂ ಅನ್ವಯಿಸುವುದಿಲ್ಲ. ಭಾನುವಾರದ ಶಾಲೆಯಲ್ಲಾಗಲಿ, ಹಾಸ್ಟೆಲಿನಲ್ಲಾಗಲಿ, ಯುವಜನರ ಶಿಬಿರದಲ್ಲಾಗಲಿ, 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ ವಿಷಯ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೆಯ ಕಲಮಿನಡಿ ಶಿಕ್ಷಾರ್ಹ ಅಪರಾಧ. ಸಭೆಯ ಮಾನ, ಸಾಕ್ಷಿಗಳ ಸಂಖ್ಯೆ, ಕ್ಷಮಾಪಣೆಯ ಪ್ರಾರ್ಥನೆ, ಎರಡು ಕುಟುಂಬಗಳ ರಾಜಿ ಯಾವುದೂ ಆ ಕರ್ತವ್ಯಕ್ಕೆ ಪರ್ಯಾಯವಲ್ಲ. ಮಕ್ಕಳ ಸಹಾಯವಾಣಿ 1098ನ್ನು ಭಾನುವಾರದ ಶಾಲೆಯ ಗೋಡೆಯ ಮೇಲೆ ಮಕ್ಕಳಿಗೆ ಕಾಣುವ ಎತ್ತರದಲ್ಲಿ ಬರೆಸಿ. ಮಕ್ಕಳ ಜೊತೆ ಕೆಲಸ ಮಾಡುವ ದೊಡ್ಡವರು ಯಾವಾಗಲೂ ಇಬ್ಬರಿರಲಿ.

‘ಅಭಿಷಿಕ್ತರನ್ನು ಮುಟ್ಟಬೇಡಿ’ ಎಂಬ ಉತ್ತರಕ್ಕೆ

ಲೆಕ್ಕ ಕೇಳಿದಾಗ ಕೆಲವು ಕಡೆ, ವಿಶೇಷವಾಗಿ ಒಬ್ಬರೇ ಕಟ್ಟಿದ ಸಭೆಗಳಲ್ಲಿ, ‘ನಾನು ಅಭಿಷೇಕಿಸಿದವರನ್ನು ಮುಟ್ಟಬಾರದು’ ಎಂಬ ಕೀರ್ತನೆಯ ಮಾತು (105:15) ಉತ್ತರವಾಗಿ ಬರುತ್ತದೆ. ಆ ಕೀರ್ತನೆ ಹೇಳುತ್ತಿರುವುದು ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ, ಕೆಲವೇ ಮಂದಿಯಾಗಿದ್ದ ಪಿತೃಗಳನ್ನು (ಅಬ್ರಹಾಮ, ಇಸಾಕ, ಯಾಕೋಬರನ್ನು) ಅರಸರ ಕೈಯಿಂದ ದೇವರು ಕಾಪಾಡಿದ ಸಂಗತಿಯನ್ನು; ಅಲ್ಲಿ ಮುಟ್ಟುವುದೆಂದರೆ ಕೇಡು ಮಾಡುವುದು, ಪ್ರಶ್ನೆ ಕೇಳುವುದಲ್ಲ. ಅಭಿಷಿಕ್ತ ಅರಸನಾದ ಸೌಲನ ಮೇಲೆ ಕೈಯೆತ್ತದ ದಾವೀದನೇ ಅವನ ನಿಲುವಂಗಿಯಿಂದ ಕತ್ತರಿಸಿಕೊಂಡ ಅಂಚನ್ನು ಹಿಡಿದು, ಜನರು ಕೇಳುವಂತೆ ಅವನ ಅನ್ಯಾಯವನ್ನು ಎತ್ತಿ ಹೇಳಿದನು (1 ಸಮು. 24). ಅಭಿಷಿಕ್ತನಾದ ದಾವೀದನನ್ನು ಪ್ರವಾದಿ ನಾತಾನನು, ಅಂತಿಯೋಕ್ಯದಲ್ಲಿ ಪೇತ್ರನನ್ನು ಪೌಲನು, ಮುಖಾಮುಖಿಯಾಗಿ ಪ್ರಶ್ನಿಸಿದರು. ನಿಮ್ಮ ಸಭಾನಾಯಕರ ಮಾತನ್ನು ಕೇಳಿರಿ ಎನ್ನುವ ಇಬ್ರಿಯ 13:17 ಕೂಡ, ಅವರು ಲೆಕ್ಕ ಒಪ್ಪಿಸಬೇಕಾದವರು ಎಂಬ ಮಾತಿಲ್ಲದೆ ಮುಗಿಯುವುದಿಲ್ಲ.

ಹಾಗೆಂದು ಪ್ರತಿ ಭಾನುವಾರ ಸಭಾಪಾಲಕರ ಪ್ರಸಂಗದ ಅವಧಿ, ಅಂಗಿಯ ಬಣ್ಣ, ಅವರ ಹೆಂಡತಿಯ ಮಾತು ಹಿಡಿದು ಕೊರೆಯುವವರಿಗೆ ಈ ವಚನಗಳು ಆಯುಧವಾಗಬಾರದು. ಯೋಹಾನನ ಮೂರನೆಯ ಪತ್ರಿಕೆಯ ದಿಯೊತ್ರೇಫನು ಪ್ರಮುಖನಾಗಬೇಕೆಂಬ ಹಂಬಲದಿಂದ, ಬಂದ ಸಹೋದರರನ್ನು ಸೇರಿಸಿಕೊಳ್ಳದೆ, ಸೇರಿಸಿಕೊಳ್ಳುವವರನ್ನೂ ಸಭೆಯಿಂದ ಹೊರಗೆ ಹಾಕುತ್ತಿದ್ದನು. ಅಂಥವರು ಪ್ರಸಂಗಪೀಠದಲ್ಲಿ ಇರುವಂತೆ ಮುಂದಿನ ಬೆಂಚಿನಲ್ಲೂ ಇರುತ್ತಾರೆ, ಅಜ್ಜನ ಕಾಲದಿಂದ ಅದೇ ಬೆಂಚಿನಲ್ಲಿ ಕುಳಿತವರಾಗಿರುತ್ತಾರೆ.

ಕೊನೆಯ ಹಂತ: ಒಪ್ಪಿಸಿ ಹೊರಡುವುದು

ಅವಧಿ ಮುಗಿಯುವ ಮೂರು ತಿಂಗಳ ಮೊದಲೇ ಒಪ್ಪಿಸುವ ಪಟ್ಟಿ ಮಾಡಲು ಕುಳಿತುಕೊಳ್ಳಿ: ನಡಾವಳಿ ಪುಸ್ತಕಗಳು, ದೀಕ್ಷಾಸ್ನಾನ, ವಿವಾಹ, ಮರಣದ ರಿಜಿಸ್ಟರುಗಳು, ಆಸ್ತಿಪತ್ರಗಳ ಪ್ರತಿಗಳು, ತೆರಿಗೆ ರಸೀದಿಗಳು, ಬ್ಯಾಂಕ್ ಪಾಸ್‌ಬುಕ್, ಚೆಕ್ ಪುಸ್ತಕ, ಬಾಕಿಗಳ ಪಟ್ಟಿ, ಕರ್ತನ ಭೋಜನದ ಪಾತ್ರೆಗಳು, ಕೀಲಿಕೈಗಳು, ಮತ್ತು ಈಚೆಗೆ ಎಲ್ಲರೂ ಮರೆಯುವ ಮಿಂಚಂಚೆ, ವಾಟ್ಸಾಪ್ ಗ್ರೂಪಿನ ನಿರ್ವಾಹಕತ್ವ, ಯೂಟ್ಯೂಬ್ ಚಾನೆಲ್ಲಿನ ಪಾಸ್‌ವರ್ಡ್. ಹಳಬರು, ಹೊಸಬರು ಇಬ್ಬರೂ ಸಹಿ ಹಾಕಿದ ಮೇಲೆ ಬ್ಯಾಂಕಿನಲ್ಲಿ ಸಹಿದಾರರ ಬದಲಾವಣೆಯನ್ನು ಅದೇ ವಾರ ಮಾಡಿಸಿ. ಹಳೆಯ ರಿಜಿಸ್ಟರುಗಳು ಗೆದ್ದಲು ಹಿಡಿಯುತ್ತಿದ್ದರೆ ಹೊರಡುವ ಮುನ್ನ ಅವುಗಳ ಚಿತ್ರ ತೆಗೆಸಿಡಿ; ಒಂದು ಕುಟುಂಬದ ಮೂರು ತಲೆಮಾರಿನ ದಾಖಲೆ ಅಲ್ಲಿ ಬಿಟ್ಟರೆ ಬೇರೆಲ್ಲಿಯೂ ಇಲ್ಲದಿರಬಹುದು.

ಸಭೆಯನ್ನು ತಾವೇ ಸ್ಥಾಪಿಸಿದ ಪಾಸ್ಟರರು ಇದನ್ನು ಅರವತ್ತರ ಹೊತ್ತಿಗಾದರೂ ಆರಂಭಿಸಬೇಕು. ಉತ್ತರಾಧಿಕಾರಿಯನ್ನು ಆರಿಸುವ ಸಮಿತಿಯಲ್ಲಿ ತಮ್ಮ ಮಗನೂ ಅಳಿಯನೂ ಇಲ್ಲದಂತೆ ನೋಡಿಕೊಂಡು, ಮಗನೇ ಯೋಗ್ಯನೆಂದು ಆ ಸಮಿತಿ ತಾನಾಗಿ ಹೇಳಿದರೆ ಸಂತೋಷದಿಂದ ಒಪ್ಪಬಹುದು. ಹೊಸಬರು ಬಂದ ಮೇಲೆ ಕನಿಷ್ಠ ಒಂದು ವರ್ಷ ಹಳಬರು ಸಮಿತಿ ಕೂಟಕ್ಕೆ ಕರೆಯದೆ ಬರಬಾರದು; ಯಾರಾದರೂ ಮನೆಗೆ ಬಂದು ‘ನಿಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದು ಆರಂಭಿಸಿದರೆ ಕಾಫಿ ಕೊಟ್ಟು, ಆ ಮಾತನ್ನು ಹೊಸ ಕಾರ್ಯದರ್ಶಿಗೆ ಬರಹದಲ್ಲಿ ಕೊಡಲು ಹೇಳಿ ಕಳಿಸಬೇಕು.